ಸ್ಕ್ರ್ಯಾಂಬ್ಲರ್ ಮೋಟಾರ್‌ಸೈಕಲ್

ಡಾಂಬರು ರಸ್ತೆಗೆಂದು ತಯಾರಾದ ಮೋಟಾರ್‌ಸೈಕಲ್ಲನ್ನು ಮಣ್ಣು, ಜಲ್ಲಿ, ಕೆಸರಿನಲ್ಲೂ ಓಡುವ ಹಾಗೆ ಹಗುರ ಮಾಡಿ, ತುಸು ಎತ್ತರಿಸಿ, ಗಟ್ಟಿಮುಟ್ಟು ಮಾಡಿದರೆ ಆಗುವ ಗಾಡಿಗೆ ಸ್ಕ್ರ್ಯಾಂಬ್ಲರ್ ಎಂದು ಹೆಸರು. ಮೇಲಕ್ಕೆ ಎತ್ತಿ ಕಟ್ಟಿದ ಸೈಲೆನ್ಸರ್, ಅಗಲವಾದ ಹ್ಯಾಂಡಲ್, ಚಪ್ಪಟೆ ಸೀಟು, ದಪ್ಪ ಹಲ್ಲಿನ ಟೈರು: ದೂರದಿಂದ ಗುರುತು ಹಿಡಿಯಲು ಇಷ್ಟು ಸಾಕು. 1920ರ ದಶಕದ ಇಂಗ್ಲೆಂಡಿನಲ್ಲಿ ಇದು ಒಂದು ಪಂದ್ಯಕ್ಕೆ ಅಂಟಿಕೊಂಡ ಹೆಸರು. 1960ರ ದಶಕದ ಅಮೆರಿಕದಲ್ಲಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬಹುದಾದ ಗಾಡಿಯ ಹೆಸರಾಯಿತು. 1970ರ ದಶಕದ ನಡುಭಾಗಕ್ಕೆ ಬಹುಮಟ್ಟಿಗೆ ಕಾಣೆಯಾಗಿ, 2006ರ ನಂತರ ಮರಳಿ ಬಂತು.

ವಾರವೆಲ್ಲ ಕೆಲಸಕ್ಕೆ ಹೋಗಿಬರುವ ಗಾಡಿಯಲ್ಲೇ ಭಾನುವಾರ ಗುಡ್ಡ ಹತ್ತಬೇಕು ಎನ್ನುವವರ ಆಸೆಯಿಂದ ಹುಟ್ಟಿದ್ದು ಸ್ಕ್ರ್ಯಾಂಬ್ಲರ್. ಅದನ್ನು ಮೊದಲು ಕಟ್ಟಿದವರು ಸವಾರರು. ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದು ಅವರು ಮಾಡಿಕೊಂಡ ಬದಲಾವಣೆಗಳನ್ನೇ ಕಾರ್ಖಾನೆಗಳು ಆಮೇಲೆ ಎತ್ತಿಕೊಂಡವು. ಈ ಹಿನ್ನೆಲೆ ಬಿಟ್ಟು ಬರೀ ಸೈಲೆನ್ಸರಿನ ಎತ್ತರ ನೋಡಿದರೆ ಇದರ ಏಳುಬೀಳು ಎರಡೂ ಅರ್ಥವಾಗುವುದಿಲ್ಲ.

ಹೆಸರು ಬಂದ ಬಗೆ

ಸ್ಕ್ರ್ಯಾಂಬಲ್ ಎಂಬ ಇಂಗ್ಲಿಷ್ ಮಾತಿಗೆ ಕೈಕಾಲು ಊರಿಕೊಂಡು, ಎದ್ದುಬಿದ್ದು ಹೇಗೋ ಹತ್ತುವುದು ಎಂದರ್ಥ. ನೂಕುನುಗ್ಗಲಿನಲ್ಲಿ ಮುಂದೆ ನುಗ್ಗುವುದಕ್ಕೂ ಹಾಗೇ ಹೇಳುತ್ತಾರೆ. ಯಾರ್ಕ್‌ಷೈರಿನಲ್ಲಿ ಮೋಟಾರ್‌ಸೈಕಲ್ ಕಾರ್ಖಾನೆ ನಡೆಸುತ್ತಿದ್ದ ಆಲ್ಫ್ರೆಡ್ ಆಂಗಸ್ ಸ್ಕಾಟ್ ಅವರು 1914ರಲ್ಲಿ ತಮ್ಮ ಕೆಲಸಗಾರರಿಗಾಗಿ ಗುಡ್ಡಗಾಡಿನ ಪಂದ್ಯವೊಂದನ್ನು ಶುರುಮಾಡಿದ್ದರು. ಸ್ಕಾಟ್ ಟ್ರಯಲ್ ಎಂಬ ಆ ಪಂದ್ಯದಲ್ಲಿ ವೇಗದ ಜೊತೆಗೆ ಸವಾರಿಯ ನಾಜೂಕನ್ನೂ ನೋಡುತ್ತಿದ್ದರು. ಕಠಿಣವಾದ ಜಾಗಗಳಲ್ಲಿ ತೀರ್ಪುಗಾರರು ನಿಂತಿರುತ್ತಿದ್ದರು; ಸವಾರ ನೆಲಕ್ಕೆ ಕಾಲು ಊರಿದರೆ ಅಂಕ ಹೋಗುತ್ತಿತ್ತು. ದಕ್ಷಿಣ ಇಂಗ್ಲೆಂಡಿನ ಸವಾರರಿಗೆ ಈ ಅಂಕದ ಲೆಕ್ಕ ಬೇಡವಾಯಿತು. ಯಾರು ಮೊದಲು ಗುರಿ ಮುಟ್ಟುತ್ತಾರೋ ಅವರೇ ಗೆದ್ದಂತೆ ಎಂದು ನಿಯಮ ಮಾಡಿಕೊಂಡು, 1924ರ ಮಾರ್ಚ್ 29ರಂದು ಸರ್ರಿ ಪ್ರಾಂತ್ಯದ ಕ್ಯಾಂಬರ್ಲಿ ಬಯಲಿನಲ್ಲಿ ಪಂದ್ಯ ಇಟ್ಟರು. ತೀರ್ಪಿನ ಜಾಗಗಳೇ ಇಲ್ಲದ ಮೇಲೆ ಅದನ್ನು ಟ್ರಯಲ್ ಎನ್ನುವ ಹಾಗಿರಲಿಲ್ಲ. ಏನು ಹೆಸರಿಟ್ಟರೂ ಅಲ್ಲಿ ಆಗುವುದು ಎದ್ದುಬಿದ್ದು ಓಡುವುದೇ ತಾನೆ ಎಂದು ಯಾರೋ ಅಂದರಂತೆ. ಆ ಮಾತೇ ಹೆಸರಾಗಿ ನಿಂತಿತು ಎಂಬ ಕಥೆ ಇಂದಿಗೂ ಪ್ರಚಲಿತ.

ಇದೇ ಆಟ ಫ್ರಾನ್ಸಿಗೆ ಹೋಗಿ ಮೋಟೊಕ್ರಾಸ್ ಆಯಿತು. ಮೋಟಾರ್‌ಸೈಕಲ್ಲಿಗೆ ಫ್ರೆಂಚರು ಹೇಳುವ ಪದದ ತಲೆಗೆ ಬಯಲು ಓಟದ ಕ್ರಾಸ್ ಕಂಟ್ರಿಯನ್ನು ಸೇರಿಸಿದ ಪದ ಅದು. 1947ರಲ್ಲಿ ನೆದರ್ಲೆಂಡ್ಸಿನಲ್ಲಿ ರಾಷ್ಟ್ರ ತಂಡಗಳ ಮೊದಲ ಮೋಟೊಕ್ರಾಸ್ ನಡೆದಾಗ ಗೆದ್ದದ್ದು ಬ್ರಿಟನ್. 1957ರಲ್ಲಿ 500 ಸಿಸಿ ವರ್ಗಕ್ಕೆ ವಿಶ್ವ ಚಾಂಪಿಯನ್‌ಷಿಪ್ ಬಂತು. ಬ್ರಿಟಿಷರು ಮಾತ್ರ ಬಹಳ ವರ್ಷ ಸ್ಕ್ರ್ಯಾಂಬಲ್ ಎಂಬ ಹಳೆಯ ಹೆಸರನ್ನೇ ಹಿಡಿದುಕೊಂಡಿದ್ದರು. 1960ರ ದಶಕದಲ್ಲಿ ಚಳಿಗಾಲದ ಶನಿವಾರಗಳಂದು ಅಲ್ಲಿನ ಟೀವಿಯಲ್ಲಿ ಈ ಪಂದ್ಯಗಳು ಬರುತ್ತಿದ್ದವು. ಕೆಸರು ಮೆತ್ತಿಕೊಂಡು ಒಬ್ಬರನ್ನೊಬ್ಬರು ಗುರುತಿಸಲಾಗದ ಸವಾರರನ್ನು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದ ಕಾಲ ಅದು. ಬಿಎಸ್‌ಎ ಗಾಡಿಯ ಮೇಲೆ 1964 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದ ಜೆಫ್ ಸ್ಮಿತ್, ಎಸೆಕ್ಸ್‌ನ ಗ್ರೀವ್ಸ್ ಗಾಡಿಯ ಮೇಲೆ 1960 ಮತ್ತು 1961ರಲ್ಲಿ ಯುರೋಪಿನ 250 ಸಿಸಿ ಪಟ್ಟ ಗೆದ್ದ ಡೇವ್ ಬಿಕರ್ಸ್ ಆಗಿನ ತಾರೆಗಳು.

ಹ್ಯಾಂಪ್‌ಷೈರಿನ ಡೆರೆಕ್ ಮತ್ತು ಡಾನ್ ರಿಕ್‌ಮನ್ ಸೋದರರು ಒಂದು ಕಂಪನಿಯ ಎಂಜಿನ್, ಇನ್ನೊಂದರ ಗೇರ್‌ಬಾಕ್ಸ್, ತಮ್ಮದೇ ಫ್ರೇಮು ಸೇರಿಸಿ ಗಾಡಿ ಕಟ್ಟುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಮೆಟಿಸ್. ಫ್ರೆಂಚಿನಲ್ಲಿ ಬೆರಕೆ ತಳಿ ಎಂದರ್ಥ. ಇಡೀ ಸ್ಕ್ರ್ಯಾಂಬ್ಲರ್ ಕುಲಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ.

ಗಾಡಿಯ ಮೈಕಟ್ಟು

ಸ್ಕ್ರ್ಯಾಂಬ್ಲರಿನ ಅಂದದ ಹಿಂದೆಲ್ಲ ಒಂದೊಂದು ಅಗತ್ಯ ಇದೆ. ಮೊದಲು ಸೈಲೆನ್ಸರ್. ಸಾಮಾನ್ಯ ಬೈಕಿನಲ್ಲಿ ಎಂಜಿನ್ನಿನಿಂದ ಹೊರಟ ಕೊಳವೆ ಕೆಳಕ್ಕಿಳಿದು, ನೆಲಕ್ಕೆ ಹತ್ತಿರದಲ್ಲೇ ಹಿಂದಕ್ಕೆ ಹೋಗುತ್ತದೆ. ಕಲ್ಲಿನ ದಾರಿಯಲ್ಲಿ ಮೊದಲ ಪೆಟ್ಟು ಬೀಳುವುದು ಅದಕ್ಕೆ. ಹಳ್ಳ ದಾಟುವಾಗ ಎಂಜಿನ್ ನಿಂತರೆ ನೀರು ಒಳಗೆ ನುಗ್ಗುವುದೂ ಅದರೊಳಗಿಂದಲೇ. ಹಾಗಾಗಿ ಕೊಳವೆಯನ್ನು ಎಂಜಿನ್ನಿನ ಪಕ್ಕದಿಂದ ಸವಾರನ ತೊಡೆಯ ಮಟ್ಟಕ್ಕೆ ಎತ್ತಿ ಹಿಂದಕ್ಕೆ ಒಯ್ದರು. ಇದರಿಂದ ಬಂದ ತೊಂದರೆ ಬಿಸಿ. ಕೊಳವೆಯ ಮೇಲೆ ತೂತು ತೂತಾದ ತಗಡಿನ ಕವಚ ಇದ್ದರೂ, ಸಂಜೆಯ ಟ್ರಾಫಿಕ್ಕಿನಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವಾಗ ಆ ಬದಿಯ ಮಂಡಿಯನ್ನು ಟ್ಯಾಂಕಿನಿಂದ ಒಂದು ಗೇಣು ದೂರ ಹಿಡಿದೇ ಕೂರಬೇಕು. ಹಿಂದೆ ಕೂತವರ ಪಾಡು ಇನ್ನೂ ಕಷ್ಟ. ಸೀರೆಯ ಸೆರಗು, ದುಪಟ್ಟಾ ಬಗ್ಗೆ ಎಚ್ಚರ ಬೇಕೇ ಬೇಕು.

ಹ್ಯಾಂಡಲ್ ಅಗಲವಾಗಿರುವುದು ಸನ್ನೆಗೋಲಿನ ಲೆಕ್ಕಕ್ಕೆ. ಮುಂದಿನ ಚಕ್ರ ಕೊರಕಲಿನಲ್ಲಿ ಸಿಕ್ಕಿ ತಿರುಗಿಕೊಳ್ಳಲು ನೋಡಿದಾಗ ಉದ್ದನೆಯ ಹಿಡಿತ ಇದ್ದರೆ ಅದನ್ನು ತಡೆಯುವುದು ಸುಲಭ. ಬಿದ್ದಾಗ ಬಾಗದಿರಲಿ ಎಂದು ನಡುವೆ ಒಂದು ಅಡ್ಡ ಪಟ್ಟಿ. ಸೀಟು ಚಪ್ಪಟೆಯಾಗಿರುವುದು ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಜರುಗಲು. ಫುಟ್‌ರೆಸ್ಟಿನ ಅಂಚಿಗೆ ಗರಗಸದ ಹಲ್ಲು, ಬೂಟಿಗೆ ಕೆಸರು ಹತ್ತಿದ್ದರೂ ಜಾರದಿರಲೆಂದು. ಎಂಜಿನ್ನಿನ ಹೊಟ್ಟೆಗೆ ಲೋಹದ ತಟ್ಟೆ. ಮುಂದಿನ ಚಕ್ರ ಹೆಚ್ಚಾಗಿ 19 ಇಂಚು. ಹಿಂದಿನದು 17 ಅಥವಾ 18. ದೊಡ್ಡ ಚಕ್ರ ಗುಂಡಿಯಲ್ಲಿ ಮುಳುಗುವ ಬದಲು ಮೇಲೆ ಉರುಳಿಕೊಂಡು ಹೋಗುತ್ತದೆ. ಕಡ್ಡಿ ಚಕ್ರ ಪೆಟ್ಟು ತಿಂದರೆ ಬಾಗುತ್ತದೆ, ಊರಿನ ಸೈಕಲ್ ಷಾಪಿನವರೂ ಎಳೆದು ಸರಿಮಾಡಿ ಕೊಡಬಲ್ಲರು. ಅಲಾಯ್ ಚಕ್ರ ಸೀಳಿದರೆ ಅಲ್ಲಿಗೆ ಮುಗಿಯಿತು. ಆದರೆ ಕಡ್ಡಿ ಚಕ್ರಕ್ಕೆ ಸಾಮಾನ್ಯವಾಗಿ ಟ್ಯೂಬು ಬೇಕು, ಕಾಡಿನ ನಡುವೆ ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ಹಳೆಯ ಸವಾರರು ಹಿಂದಿನ ಸ್ಪ್ರಾಕೆಟ್ಟನ್ನೂ ಬದಲಿಸಿ, ಎರಡು ಮೂರು ಹಲ್ಲು ಹೆಚ್ಚಿರುವುದನ್ನು ಹಾಕಿಕೊಳ್ಳುತ್ತಿದ್ದರು. ಹೆದ್ದಾರಿಯ ಓಟ ಕಡಿಮೆಯಾದರೂ ಏರಿನಲ್ಲಿ ಎಳೆತ ಬರುತ್ತಿತ್ತು.

ಇಷ್ಟೆಲ್ಲ ಇದ್ದರೂ ಗಾಡಿ ನಿಜವಾಗಿ ಮಣ್ಣಿಗೆ ಇಳಿಯುತ್ತದೋ ಇಲ್ಲವೋ ಎಂದು ಹೇಳುವ ಲೆಕ್ಕ ಎರಡೇ: ತೂಕ ಎಷ್ಟು, ಶಾಕ್ ಅಬ್ಸಾರ್ಬರ್ ಎಷ್ಟು ಆಳಕ್ಕೆ ಕುಗ್ಗುತ್ತದೆ. 2006ರ ಟ್ರಯಂಫ್ ಸ್ಕ್ರ್ಯಾಂಬ್ಲರಿನ ಮುಂದಿನ ಫೋರ್ಕು ಕುಗ್ಗುತ್ತಿದ್ದದ್ದು 120 ಮಿಲಿಮೀಟರ್. ಅದೇ ಕಂಪನಿಯ ಸ್ಕ್ರ್ಯಾಂಬ್ಲರ್ 1200 ಎಕ್ಸ್‌ಇ ಹಿಂದೆ ಮುಂದೆ ಎರಡೂ ಕಡೆ 250 ಮಿಲಿಮೀಟರ್ ಕುಗ್ಗುತ್ತದೆ. ಒಂದೇ ಹೆಸರಿನ ಎರಡು ಗಾಡಿಗಳು. ಒಂದು ತೋಟದ ದಾರಿಗೆ ಸಾಕು, ಇನ್ನೊಂದು ಬಂಡೆಯ ಮೇಲಿಂದ ಹಾರಿಸಿದರೂ ತಡೆಯುತ್ತದೆ. ಕೊಳ್ಳುವವರು ಬಣ್ಣಕ್ಕಿಂತ ಮೊದಲು ಈ ಅಂಕಿ ನೋಡಬೇಕು.

ಅಮೆರಿಕದ ಮರಳುಗಾಡು

ಎರಡನೇ ಮಹಾಯುದ್ಧದ ನಂತರ ಬ್ರಿಟಿಷ್ ಗಾಡಿಗಳಿಗೆ ದೊಡ್ಡ ಮಾರುಕಟ್ಟೆ ಅಮೆರಿಕ. ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್ 1948ರಲ್ಲಿ ಇಟಲಿಯ ಸಾನ್ ರೆಮೊದಲ್ಲಿ ನಡೆದಾಗ ಟ್ರಯಂಫ್ ಸವಾರರಿದ್ದ ಬ್ರಿಟಿಷ್ ತಂಡ ಟ್ರೋಫಿ ಗೆದ್ದಿತ್ತು. ಅದೇ ಸಂಭ್ರಮದಲ್ಲಿ ಕಂಪನಿ ಹೊರತಂದ ಗಾಡಿಗೆ ಟ್ರೋಫಿ ಎಂದೇ ಹೆಸರಿಟ್ಟಿತು. ಅದರ 650 ಸಿಸಿ ತಮ್ಮ ಟಿಆರ್6 ದಕ್ಷಿಣ ಕ್ಯಾಲಿಫೋರ್ನಿಯಾದ ಸವಾರರ ಕೈಗೆ ಸಿಕ್ಕಾಗ ಅವರು ದೀಪ ಕಿತ್ತರು, ಮಡ್‌ಗಾರ್ಡ್ ಕತ್ತರಿಸಿದರು, ಕೊಳವೆ ಎತ್ತಿದರು. ಮೊಹಾವಿ ಮರುಭೂಮಿಯಲ್ಲಿ ಓಡಿಸುತ್ತಿದ್ದ ಇಂಥ ಗಾಡಿಗಳಿಗೆ ಡೆಸರ್ಟ್ ಸ್ಲೆಡ್ ಎಂದು ಅಡ್ಡಹೆಸರು, ಮರಳಿನ ಜಾರುಬಂಡಿ. ಆ ಸೀಮೆಯ ಬಿಗ್ ಬೇರ್ ಓಟದಲ್ಲಿ ನೂರಾರು ಗಾಡಿಗಳು ಧೂಳೆಬ್ಬಿಸಿಕೊಂಡು ಒಟ್ಟಿಗೆ ಹೊರಡುತ್ತಿದ್ದವು. 1960ರಲ್ಲಿ ಅದನ್ನು ಗೆದ್ದವರು ರಾಯಲ್ ಎನ್‌ಫೀಲ್ಡ್ ಏರಿದ್ದ ಎಡಿ ಮಲ್ಡರ್, ಆಗ ಅವರಿಗೆ 16 ವರ್ಷ.

ಅಂಗಡಿಯಿಂದ ನೇರ ಮಣ್ಣಿಗಿಳಿಸಬಹುದಾದ ಗಾಡಿಯನ್ನು ದೊಡ್ಡ ಪ್ರಮಾಣದಲ್ಲಿ ಮಾರಿದ್ದು ಹೋಂಡಾ. 1962ರಲ್ಲಿ ಬಂದ ಸಿಎಲ್72 ಎರಡು ಸಿಲಿಂಡರಿನ 250 ಸಿಸಿ ಗಾಡಿ; ಎರಡೂ ಕೊಳವೆ ಎಡಬದಿಯಲ್ಲಿ ಮೇಲಿನಿಂದ ಹಾದು ಹೋಗುತ್ತಿದ್ದವು. ತೂಕ ಉಳಿಸಲು ಸೆಲ್ಫ್ ಸ್ಟಾರ್ಟರನ್ನೇ ತೆಗೆದಿದ್ದರು. ಜಪಾನಿನ ಸಣ್ಣ ಎಂಜಿನ್ನು ಮರುಭೂಮಿಯಲ್ಲಿ ಬಾಳೀತೇ ಎಂದು ಅಮೆರಿಕನ್ನರಿಗೆ ಅನುಮಾನ. ಅದಕ್ಕೆ ಉತ್ತರವಾಗಿ ಆ ವರ್ಷವೇ ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಜೂನಿಯರ್ ಎರಡು ಸಿಎಲ್72 ಹತ್ತಿ ಮೆಕ್ಸಿಕೊದ ತಿಹುವಾನಾದಿಂದ ಲಾ ಪಾಸ್‌ಗೆ ಹೊರಟರು. ಬಾಹಾ ಪರ್ಯಾಯದ್ವೀಪದ ಉದ್ದಕ್ಕೂ ಸುಮಾರು 1500 ಕಿಲೋಮೀಟರ್. ಬಹುಪಾಲು ದಾರಿಯಲ್ಲಿ ಡಾಂಬರು ಇಲ್ಲ, ಮರಳು, ಕಲ್ಲು, ಒಣಗಿದ ಹೊಳೆಪಾತ್ರ. ಹೊರಟ ಹೊತ್ತನ್ನು ಒಂದು ತುದಿಯ ತಂತಿ ಕಚೇರಿಯಿಂದ, ಮುಟ್ಟಿದ ಹೊತ್ತನ್ನು ಇನ್ನೊಂದು ತುದಿಯ ತಂತಿ ಕಚೇರಿಯಿಂದ ಟೆಲಿಗ್ರಾಂ ಮಾಡಿ ದಾಖಲಿಸಿದರು. 39 ಗಂಟೆ 56 ನಿಮಿಷ. ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ಆ ದಾಖಲೆ ಮುರಿಯಲು ಬೇರೆಯವರು ಹೊರಟರು. 1967ರಿಂದ ಅದೇ ದಾರಿಯಲ್ಲಿ ವ್ಯವಸ್ಥಿತ ರೇಸು ಶುರುವಾಯಿತು. ಇಂದಿನ ಬಾಹಾ 1000 ರೇಸಿನ ಬೇರು ಅಲ್ಲಿದೆ.

ಇಟಲಿಯ ಡುಕಾಟಿ ಸ್ಕ್ರ್ಯಾಂಬ್ಲರ್ ಹುಟ್ಟಿದ್ದೂ ಅಮೆರಿಕದ ಒತ್ತಾಯಕ್ಕೆ. ಆ ಕಂಪನಿಯ ಗಾಡಿಗಳನ್ನು ಅಮೆರಿಕಕ್ಕೆ ತರಿಸುತ್ತಿದ್ದ ಬರ್ಲಿನರ್ ಸೋದರರು ತಮ್ಮ ಗಿರಾಕಿಗಳಿಗೆ ಇಂಥದ್ದು ಬೇಕೆಂದು ಕೇಳಿ ಮಾಡಿಸಿದರು. 1962ರಲ್ಲಿ 250 ಸಿಸಿಯಿಂದ ಶುರುವಾಗಿ, 350, 450 ಸಿಸಿಗೆ ಬೆಳೆದು, 1970ರ ದಶಕದ ನಡುಭಾಗದವರೆಗೆ ಬಂತು.

ಸಿನಿಮಾ ಈ ಗಾಡಿಗಳಿಗೆ ಕೊಟ್ಟ ಹೊಳಪು ಸಣ್ಣದಲ್ಲ. 1963ರ ‘ದಿ ಗ್ರೇಟ್ ಎಸ್ಕೇಪ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಜರ್ಮನ್ ಸೈನಿಕರಿಂದ ತಪ್ಪಿಸಿಕೊಂಡು ಮುಳ್ಳುತಂತಿಯ ಬೇಲಿ ಹಾರುವ ದೃಶ್ಯವಿದೆ. ಜರ್ಮನ್ ಗಾಡಿಯಂತೆ ಬಣ್ಣ ಬಳಿದಿದ್ದ ಅದು ವಾಸ್ತವದಲ್ಲಿ ಟ್ರಯಂಫ್ ಟಿಆರ್6. ಬೇಲಿ ಹಾರಿಸಿದವರು ಡೇವ್ ಎಕಿನ್ಸರ ಅಣ್ಣ ಬಡ್ ಎಕಿನ್ಸ್. ಮೆಕ್ವೀನ್ ತೆರೆಯ ಮೇಲಷ್ಟೇ ಸವಾರರಾಗಿರಲಿಲ್ಲ. 1964ರಲ್ಲಿ ಪೂರ್ವ ಜರ್ಮನಿಯ ಎರ್ಫುರ್ಟಿನಲ್ಲಿ ನಡೆದ ಆರು ದಿನಗಳ ಟ್ರಯಲಿಗೆ ಎಕಿನ್ಸ್ ಸೋದರರ ಜೊತೆ ಅಮೆರಿಕದ ತಂಡದಲ್ಲಿ ಹೋಗಿದ್ದರು. ಬ್ರೂಸ್ ಬ್ರೌನ್ ನಿರ್ದೇಶಿಸಿದ 1971ರ ‘ಆನ್ ಎನಿ ಸಂಡೇ’ ಸಾಕ್ಷ್ಯಚಿತ್ರದಲ್ಲಿ ಅವರು ಸಾಮಾನ್ಯ ಸವಾರರ ನಡುವೆ ಧೂಳು ತಿನ್ನುವುದನ್ನು ಕಾಣಬಹುದು. ಬೇಲಿ ಹಾರುವ ದೃಶ್ಯಕ್ಕಿಂತ ಸ್ಕ್ರ್ಯಾಂಬ್ಲರಿನ ಜೀವ ಇರುವುದು ಈ ಸಾಕ್ಷ್ಯಚಿತ್ರದಲ್ಲಿ.

ಮರೆಯಾದದ್ದು, ಮರಳಿದ್ದು

1968ರಲ್ಲಿ ಅಮೆರಿಕಕ್ಕೆ ಬಂದ ಯಮಹಾ ಡಿಟಿ-1 ಆಟವನ್ನೇ ಬದಲಿಸಿತು. ಒಂದೇ ಸಿಲಿಂಡರಿನ 246 ಸಿಸಿ ಟೂ-ಸ್ಟ್ರೋಕ್ ಎಂಜಿನ್, 110 ಕಿಲೋ ಆಸುಪಾಸಿನ ತೂಕ. ರಸ್ತೆಗೆ ಬೇಕಾದ ದೀಪ, ನಂಬರ್ ಪ್ಲೇಟ್ ಎಲ್ಲ ಇದ್ದರೂ ಅದನ್ನು ಮೊದಲಿನಿಂದಲೇ ಮಣ್ಣಿಗಾಗಿ ರೂಪಿಸಿದ್ದರು. ರಸ್ತೆ ಗಾಡಿಗೆ ಕೊಳವೆ ಎತ್ತಿ ಕಟ್ಟಿದ ಭಾರದ ಸ್ಕ್ರ್ಯಾಂಬ್ಲರುಗಳು ಅದರೆದುರು ನಿಲ್ಲಲಿಲ್ಲ. ರೇಸಿನಲ್ಲಿ ಅದಕ್ಕೂ ಮೊದಲೇ ಗಾಳಿ ತಿರುಗಿತ್ತು. ಜೆಕೊಸ್ಲೊವಾಕಿಯಾದ ಹಗುರ ಟೂ-ಸ್ಟ್ರೋಕ್ ಸಿಜ಼ಡ್ ಗಾಡಿಯ ಮೇಲೆ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ 1968ರವರೆಗೆ ಸತತ ಮೂರು ವರ್ಷ 500 ಸಿಸಿ ವಿಶ್ವ ಪಟ್ಟ ಗೆದ್ದಿದ್ದರು. ಮೋಟೊಕ್ರಾಸಿಗೆ ಒಂದು, ಟ್ರಯಲಿಗೆ ಒಂದು, ಹೆದ್ದಾರಿಗೆ ಒಂದು ಎಂದು ಗಾಡಿಗಳು ಕವಲೊಡೆದವು. ಎಲ್ಲವನ್ನೂ ಅಷ್ಟಿಷ್ಟು ಮಾಡುವ ಗಾಡಿಗೆ ಜಾಗವಿಲ್ಲದಂತಾಯಿತು.

ಮೂವತ್ತು ವರ್ಷ ಕಳೆದು, ಟ್ರಯಂಫ್ 2006ರಲ್ಲಿ ಬಾನವಿಲ್ ಗಾಡಿಯ 865 ಸಿಸಿ ಎಂಜಿನ್ನಿಗೆ ಬಲಗಡೆಯಿಂದ ಎರಡು ಎತ್ತರದ ಕೊಳವೆ ಕೊಟ್ಟು ಸ್ಕ್ರ್ಯಾಂಬ್ಲರ್ ಹೆಸರನ್ನು ಮತ್ತೆ ತಂದಿತು. ಇನ್ನೂರು ಕಿಲೋ ದಾಟಿದ್ದ ಅದು ಮಣ್ಣಿನಲ್ಲಿ ಚುರುಕಲ್ಲ. ಆದರೂ ಜನ ಅದನ್ನು ಹಚ್ಚಿಕೊಂಡರು. ಆ ಹೊತ್ತಿಗೆ ಬೈಕುಗಳು ಒಂದೋ ಪೂರ್ತಿ ಪ್ಲಾಸ್ಟಿಕ್ ಹೊದ್ದ ರೇಸಿನ ಗಾಡಿ, ಇಲ್ಲವೇ ಮಲೆ ಹತ್ತುವ ಆನೆ ಗಾತ್ರದ ಟೂರರ್ ಎಂಬಂತಾಗಿದ್ದವು. ಎಂಜಿನ್ನು, ಟ್ಯಾಂಕು, ಚಕ್ರ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುವ, ಕೈಯಾರೆ ಬಿಚ್ಚಿ ಜೋಡಿಸಬಹುದೆನಿಸುವ ಗಾಡಿ ಬೇಕಿತ್ತು. ಡುಕಾಟಿ 2014ರ ಕೊನೆಯಲ್ಲಿ ಜರ್ಮನಿಯ ಕಲೋನಿನಲ್ಲಿ ತನ್ನ 803 ಸಿಸಿ ಸ್ಕ್ರ್ಯಾಂಬ್ಲರನ್ನು ತೋರಿಸಿ, ಮರುವರ್ಷ 15,000ಕ್ಕೂ ಹೆಚ್ಚು ಗಾಡಿ ಮಾರಿತು. 2017ರಲ್ಲಿ ಬಂದ ಅದರ ಒಂದು ಮಾದರಿಗೆ ಹಳೆಯ ಅಡ್ಡಹೆಸರನ್ನೇ ಇಟ್ಟರು, ಡೆಸರ್ಟ್ ಸ್ಲೆಡ್. ಬಿಎಂಡಬ್ಲ್ಯು, ಹಸ್ಕ್‌ವರ್ನಾ, ಫ್ಯಾಂಟಿಕ್ ಹಿಂದೆ ಬೀಳಲಿಲ್ಲ.

ಈ ಮರುಹುಟ್ಟಿನ ಜೊತೆ ಒಂದು ಜೀವನಶೈಲಿಯೂ ಬೆಳೆದಿದೆ. ಫ್ರಾನ್ಸಿನ ಬಿಯರಿಟ್ಜ್ ಕಡಲತೀರದಲ್ಲಿ ನಡೆಯುವ ವೀಲ್ಸ್ ಅಂಡ್ ವೇವ್ಸ್ ಮೇಳಕ್ಕೆ ಜನ ಗಾಡಿಯ ಪಕ್ಕಕ್ಕೆ ಸರ್ಫಿಂಗ್ ಹಲಗೆ ಕಟ್ಟಿಕೊಂಡು ಬರುತ್ತಾರೆ. ಸಿಡ್ನಿಯಲ್ಲಿ 2006ರಲ್ಲಿ ಶುರುವಾದ ಡೀಯಸ್ ಎಕ್ಸ್ ಮಾಕಿನಾ ಎಂಬ ಅಂಗಡಿಯಲ್ಲಿ ಬೈಕು, ಬಟ್ಟೆ, ಕಾಫಿ ಮೂರೂ ಸಿಗುತ್ತವೆ. ಮಣ್ಣೇ ಮುಟ್ಟದ ಸ್ಕ್ರ್ಯಾಂಬ್ಲರುಗಳು ಹೆಚ್ಚಾಗಿವೆ ಎಂಬ ಆಕ್ಷೇಪ ಹಳೆಯ ಸವಾರರದು. ಅದರಲ್ಲಿ ಸತ್ಯ ಇದೆ. ಆದರೆ 1960ರ ದಶಕದಲ್ಲೂ ಇವುಗಳಲ್ಲಿ ಎಷ್ಟೋ ಕಾಲೇಜಿನ ಅಂಗಳದಿಂದಾಚೆ ಹೋಗಿರಲಿಲ್ಲ. ಇಂದು ಅಂದಕ್ಕೆ ಮರುಳಾಗಿ ಕೊಂಡವರೂ ನಾಳೆ ಮಣ್ಣಿನ ದಾರಿಯಲ್ಲಿ ಸೀಟಿನಿಂದೆದ್ದು ನಿಂತು ಓಡಿಸುವುದನ್ನು ಕಲಿತಾರು. ಗಾಡಿ ಅದಕ್ಕೆ ಅಡ್ಡಿ ಮಾಡುವುದಿಲ್ಲ.

ಭಾರತ ಮತ್ತು ಕರ್ನಾಟಕ

ನಮ್ಮಲ್ಲಿ ಬಹುಕಾಲ ಸ್ಕ್ರ್ಯಾಂಬ್ಲರ್ ಎಂಬ ಪ್ರತ್ಯೇಕ ಹೆಸರು ಬೇಕಾಗಿರಲಿಲ್ಲ, ಕೆಟ್ಟ ರಸ್ತೆಯೇ ರಸ್ತೆಯಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ, 1973ರಿಂದ ಯೆಜ಼್ಡಿ ಹೆಸರಿನಲ್ಲಿ ಬಂದ ಗಾಡಿಗಳು ಕೊಡಗಿನ ಕಾಫಿ ತೋಟದಲ್ಲೂ ಬಯಲುಸೀಮೆಯ ಬಂಡಿಜಾಡಿನಲ್ಲೂ ಓಡಿದವು. ವಿಶ್ವ ಪಟ್ಟ ಗೆದ್ದ ಸಿಜ಼ಡ್ ಮತ್ತು ಮೈಸೂರಿನ ಜಾವಾ ಒಂದೇ ಜೆಕ್ ಮನೆತನದವು ಎಂಬುದನ್ನು ಇಲ್ಲಿ ನೆನೆಯಬೇಕು. ಕಿಕ್ಕರನ್ನು ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್ ಆಗುವ ಚಮತ್ಕಾರವನ್ನು ಆ ಕಾಲದ ಮೈಸೂರು ಹುಡುಗರು ಕಣ್ಣುಮುಚ್ಚಿಕೊಂಡು ಮಾಡುತ್ತಿದ್ದರು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಯೆಜ಼್ಡಿ ಹೆಸರು 2022ರ ಜನವರಿಯಲ್ಲಿ ಮರಳಿದಾಗ, ಬಂದ ಮೂರು ಗಾಡಿಗಳಲ್ಲಿ ಒಂದು ಸ್ಕ್ರ್ಯಾಂಬ್ಲರ್. 334 ಸಿಸಿಯ ಅದು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನವರಿಗೆ ಸಂತೋಷದ ಜೊತೆ ಒಂದಿಷ್ಟು ಸಂಕಟವನ್ನೂ ತಂದ ಸುದ್ದಿ.

ಅದೇ ವರ್ಷದ ಮಾರ್ಚಿನಲ್ಲಿ ರಾಯಲ್ ಎನ್‌ಫೀಲ್ಡ್ ತನ್ನ ಹಿಮಾಲಯನ್ ಗಾಡಿಯ ಮುಂದಿನ 21 ಇಂಚಿನ ಚಕ್ರವನ್ನು 19ಕ್ಕೆ ಇಳಿಸಿ ಸ್ಕ್ರ್ಯಾಮ್ 411 ತಂದಿತು. 2023ರಲ್ಲಿ ಪುಣೆ ಬಳಿಯ ಚಾಕಣದಲ್ಲಿ ಬಜಾಜ್ ತಯಾರಿಸುವ ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್ 2.63 ಲಕ್ಷ ರೂಪಾಯಿಗೆ ಬಂತು. ಆ ಹೆಸರಿನ ಇಂಗ್ಲಿಷ್ ಗಾಡಿ ಇಲ್ಲಿನ ಸಂಬಳದಾರರ ಕೈಗೆಟುಕಿದ್ದು ಅದೇ ಮೊದಲು. 2024ರ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್ ಹೊರತಂದ 648 ಸಿಸಿ ಗಾಡಿಯ ಹೆಸರು ಬೇರ್ 650. ಎಡಿ ಮಲ್ಡರ್ ಗೆದ್ದ ಬಿಗ್ ಬೇರ್ ಓಟದ ನೆನಪಿಗೆ ಇಟ್ಟದ್ದು; ಅದರ ಒಂದು ಬಣ್ಣದ ಮಾದರಿಯ ಪಕ್ಕದಲ್ಲಿ ಮಲ್ಡರ್ ಹಾಕಿಕೊಂಡಿದ್ದ 249 ಎಂಬ ಸಂಖ್ಯೆಯೂ ಇದೆ.

ಶೆಡ್ಡಿನಲ್ಲಿ ಗಾಡಿ ಬದಲಿಸುವ ಸಂಪ್ರದಾಯಕ್ಕೆ ನಮ್ಮಲ್ಲಿ ಕಾನೂನಿನ ಮಿತಿ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಹಳೆಯ ಬುಲೆಟ್ಟನ್ನೋ ಯೆಜ಼್ಡಿಯನ್ನೋ ಕತ್ತರಿಸಿ ಸ್ಕ್ರ್ಯಾಂಬ್ಲರ್ ಮಾಡುವವರು ಟೈರು, ಹ್ಯಾಂಡಲ್, ಸೀಟಿಗಷ್ಟೇ ಕೈ ಹಾಕಿದರೂ ಆರ್‌ಟಿಒ ಬಳಿ ಮೊದಲೇ ವಿಚಾರಿಸುವುದು ಕ್ಷೇಮ. ಮಣ್ಣಿನ ದಾರಿಯೆಂದು ಮೀಸಲು ಅರಣ್ಯದೊಳಗೆ ನುಗ್ಗುವುದಂತೂ ಸರ್ವಥಾ ಸಲ್ಲ; ಶೋಲಾ ಕಾಡಿನ ಇಳಿಜಾರಿನಲ್ಲಿ ಒಂದು ಮಳೆಗಾಲ ಟೈರು ಕೊರೆದ ಜಾಡು ಮರುಮಳೆಗೆ ಕಾಲುವೆಯಾಗುತ್ತದೆ.

ಮಣ್ಣಿನ ಸವಾರಿಯಲ್ಲಿ ಕನ್ನಡನಾಡಿನ ಇಬ್ಬರು ದೊಡ್ಡ ಹೆಸರು ಮಾಡಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿದರು; ಅದನ್ನು ಪೂರೈಸಿದ ಮೊದಲ ಭಾರತೀಯ ಅವರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಪೂರೈಸಿದರು. ಇವರು ಓಡಿಸಿದ್ದು ರ‍್ಯಾಲಿಗೆಂದೇ ಕಟ್ಟಿದ ಗಾಡಿಗಳನ್ನು. ಆದರೆ ಹೊಸ ಸ್ಕ್ರ್ಯಾಂಬ್ಲರ್ ಕೊಂಡವರು ಮೊದಲು ಕಲಿಯಬೇಕಾದ ಪಾಠ ಅದೇ: ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮಂಡಿಯಲ್ಲಿ ಟ್ಯಾಂಕನ್ನು ಅವಚಿ, ಹ್ಯಾಂಡಲನ್ನು ಸಡಿಲವಾಗಿ ಹಿಡಿದು, ಕಣ್ಣನ್ನು ಮುಂದಿನ ಚಕ್ರದಿಂದ ಎತ್ತಿ ಇಪ್ಪತ್ತು ಮೂವತ್ತು ಅಡಿ ಮುಂದೆ ಇಡುವುದು. ಕೆಮ್ಮಣ್ಣಿನ ದಾರಿಯಲ್ಲಿ ಮೊದಲ ಮಳೆ ಬಿದ್ದ ದಿನ ಗಾಡಿ ಕಾಲ ಕೆಳಗೆ ಅತ್ತಿತ್ತ ತುಯ್ಯುತ್ತದೆ. ಬಿಗಿಹಿಡಿದರೆ ಬೀಳುತ್ತದೆ, ಬಿಟ್ಟುಕೊಟ್ಟರೆ ತಾನೇ ದಾರಿ ಹುಡುಕಿಕೊಂಡು ನೇರವಾಗುತ್ತದೆ.